ಮಾರುವವನ ಮೌನ

ದೂರಪ್ರಯಾಣಕ್ಕೆಂದೇ ನಿರ್ಮಿತವಾದ ಕ್ರೂಸರ್ ಮೋಟಾರುಸೈಕಲ್ಲೊಂದನ್ನು ಗೃಹಸ್ಥನೊಬ್ಬನು ಮಾರಲು ಹೊರಟಿರುವನೆಂದು ಭಾವಿಸೋಣ. ತಗ್ಗಾದ ಆಸನ, ಭಾರವಾದ ಎಂಜಿನು. ಬಹಳ ಆಸೆಯಿಂದ ಕೊಂಡುದು. ಆದರೆ ಬಿಡುವು ದೊರೆಯದೆ, ಐದು ವರ್ಷಗಳಲ್ಲಿ ಅದು ಓಡಿದುದು ಕೇವಲ 4,000 ಕಿಲೋಮೀಟರು. “ಸ್ವಲ್ಪವೇ ಬಳಸಿದ್ದು” ಎಂದು ಅವನು ಹೇಳುವನು. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಸುಳ್ಳಲ್ಲದ ಮಾತೆಲ್ಲವೂ ಸತ್ಯವೆನಿಸೀತೆ ಎಂಬುದು ವಿಚಾರಾರ್ಹವಾದುದು.

ಯಂತ್ರವು ಓಡಿದರೆ ಸವೆಯುವುದು. ನಿಂತರೆ ಬೇರೊಂದು ಬಗೆಯಲ್ಲಿ ಕೆಡುವುದು. ಟೈರಿನ ರಬ್ಬರು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುವುದು, ಬ್ಯಾಟರಿಯು ಬಲಗುಂದುವುದು, ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವುದು, ಬಹುಕಾಲ ನಿಂತ ಪೆಟ್ರೋಲು ಅಂಟಾಗಿ ತನ್ನ ಹಾದಿಯನ್ನು ತಾನೇ ಕಟ್ಟುವುದು. ಕೊಳ್ಳುವವನು ಮೀಟರಿನ ಅಂಕಿಯನ್ನು ಕಂಡು ವಾಹನವು ಹೊಸತೆಂದೇ ಬಗೆಯುವನು. ಅದರ ನಿಜಸ್ಥಿತಿಯನ್ನು ಮಾರುವವನೊಬ್ಬನೇ ಬಲ್ಲನು. ಒಬ್ಬನ ಅರಿವಿಗೂ ಮತ್ತೊಬ್ಬನ ಅರಿಯಮೆಗೂ ನಡುವಣ ಈ ಅಂತರದಲ್ಲಿಯೇ ಮಾರುವವನ ಧರ್ಮಪರೀಕ್ಷೆ ನಡೆಯುವುದು.

ಈ ವಿಷಯದಲ್ಲಿ ಶಾಸನವು ಏನೆನ್ನುವುದು? 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 17ನೆಯ ಪ್ರಕರಣವು ವಂಚನೆಯ ಸ್ವರೂಪವನ್ನು ತಿಳಿಸುವಾಗ ಕುದುರೆಯ ದೃಷ್ಟಾಂತವನ್ನು ಕೊಟ್ಟಿದೆ. ಒಬ್ಬನು ತನ್ನ ಕುದುರೆಯ ದೋಷವನ್ನು ಬಲ್ಲನು. ಅದನ್ನು ಹೇಳದೆ ಹರಾಜಿನಲ್ಲಿ ಮಾರುವನು. ಇದು ವಂಚನೆಯಲ್ಲವೆಂದು ಶಾಸನದ ಮತ. ಆದರೆ ಕೊಳ್ಳುವವಳು ಆಗತಾನೇ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ, ದೋಷವನ್ನು ತಿಳಿಸುವುದು ಅವನ ಕರ್ತವ್ಯವಾಗುವುದು. ಅಲ್ಲವೆನ್ನದಿದ್ದರೆ ಕುದುರೆಯು ನಿರ್ದೋಷಿಯೆಂದು ತಿಳಿಯುವೆನೆಂದು ಕೊಳ್ಳುವವನು ನುಡಿದ ಮೇಲೂ ಸುಮ್ಮನಿದ್ದರೆ, ಆ ಮೌನವೂ ಮಾತಿಗೆ ಸಮವಾಗುವುದು.

ಕೊಳ್ಳುವವನಿಗೂ ಕಣ್ಣಿಲ್ಲವೆ, ಪರೀಕ್ಷಿಸಿ ಕೊಳ್ಳಲಿ ಎಂದು ಕೆಲವರು ಆಕ್ಷೇಪಿಸಬಹುದು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಅದು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುವುವು; ಬಲ್ಲವನು ನೋಡಿ ತಿಳಿಯಬಹುದು. ಎಚ್ಚರವು ಕೊಳ್ಳುವವನಿಗೆ ಭೂಷಣವೇ ಸರಿ. ಆದರೆ ಅವನ ಅರಿಯಮೆಯು ಮಾರುವವನ ಆದಾಯವಾಗಬಾರದು. ಮೇಲಾಗಿ ಇದು ಬರಿಯ ಹಣದ ಮಾತಲ್ಲ. ಹೆದ್ದಾರಿಯಲ್ಲಿ ಎರಡೇ ಗಾಲಿಗಳ ಮೇಲೆ ವೇಗವಾಗಿ ಸಾಗುವಾಗ, ಗಡುಸಾದ ಟೈರು ಮಳೆನೀರಿನಲ್ಲಿ ಜಾರಿದರೆ, ನೆಲಕ್ಕೆ ಬೀಳುವುದು ಒಂದು ಜೀವ. ಅದರ ಬೆನ್ನಿಗೆ ಕುಳಿತ ಮತ್ತೊಂದು ಜೀವ.

ಶಾಸನವು ಮಗಳಿಗೂ ಪರರಿಗೂ ಭೇದವೆಣಿಸಿತು. ಶಾಸನಕ್ಕೆ ಎಲ್ಲೆಯೊಂದು ಬೇಕು. ಧರ್ಮಕ್ಕೆ ಆ ಎಲ್ಲೆಯಿಲ್ಲ. ಬಾಗಿಲಿಗೆ ಬಂದ ಅಪರಿಚಿತನ ಸ್ಥಾನದಲ್ಲಿ ತನ್ನ ಮಗಳನ್ನಿರಿಸಿ ನೋಡಿದರೆ, ಹೇಳತಕ್ಕುದಾವುದು ಎಂಬುದು ಮಾರುವವನಿಗೆ ತಾನಾಗಿಯೇ ಹೊಳೆಯುವುದು: ಇಷ್ಟು ಓಡಿದೆ, ಇಷ್ಟು ತಿಂಗಳು ನಿಂತಿದೆ, ಟೈರು ಹಳೆಯದು, ಬದಲಿಸಿದಲ್ಲದೆ ದೂರ ಹೋಗಬೇಡ. ಇದರಿಂದ ಬೆಲೆಯು ಕೆಲವು ಸಾವಿರ ರೂಪಾಯಿ ಇಳಿದೀತು. ಅದು ನಷ್ಟವಲ್ಲ, ತನ್ನದಲ್ಲದುದನ್ನು ತಾನು ತೆಗೆದುಕೊಳ್ಳಲಿಲ್ಲ, ಅಷ್ಟೆ.