ಕಾರ್ಯನಿರತ ವಸ್ತುವಿಗೆ ಪ್ರಮಾಣ ಯಾವುದು?

ಚಾರ್ಜ್ ಆಗುತ್ತಿರುವ ಬ್ಯಾಟರಿ, ಲೇಸರ್ ತಾಗಿ ಕರಗುತ್ತಿರುವ ಟೈಟೇನಿಯಂ, ಭಾರ ಹೊತ್ತು ನಿಂತ ಉಕ್ಕು. ಇಂಥವುಗಳ ಒಳಗೆ ಆ ಗಳಿಗೆಯಲ್ಲಿ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಎಂದು ತಿಳಿಯಲು ಯಾವ ಪ್ರಮಾಣವನ್ನು ನಂಬಬೇಕು? ಇದು ವಿಷಯ. ಕೆಲಸ ನಿಲ್ಲಿಸಿ, ಬಿಚ್ಚಿ, ಸಾವಧಾನವಾಗಿ ಪರೀಕ್ಷಿಸಿದರೆ ಸಾಕೆ, ಇಲ್ಲ ನಡೆಯುತ್ತಿರುವಾಗಲೇ ನೋಡಬೇಕೆ? ಇದು ಸಂಶಯ. ನಡೆಯುತ್ತಿರುವಾಗಲೇ ನೋಡಬೇಕು ಎಂಬುದು ನನ್ನ ಪಕ್ಷ. ಕೆಲವು ಸ್ಥಿತಿಗಳು ಕೆಲಸದ ಹೊತ್ತಿನಲ್ಲಿ ಮಾತ್ರ ಇರುತ್ತವೆ. ಕೆಲಸ ನಿಂತರೆ ಅವೂ ಇಲ್ಲವಾಗುತ್ತವೆ.

ಮೊದಲು ಸಾಧನದ ಮಾತು. ಪ್ರಯೋಗಾಲಯದ ಸಾಮಾನ್ಯ ಯಂತ್ರ ತಾಮ್ರದಿಂದ ಹೊರಡಿಸುವ ಕ್ಷ-ಕಿರಣದ ಶಕ್ತಿ ಸುಮಾರು 8 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಕಬ್ಬಿಣದೊಳಗೆ ನಾಲ್ಕು ಮೈಕ್ರೋಮೀಟರ್ ಸಾಗುವಷ್ಟರಲ್ಲಿ ಅದರ ಪ್ರಖರತೆ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 100 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಕಿರಣ ಅಷ್ಟೇ ಕುಗ್ಗಬೇಕಾದರೆ ಮೂರು ಮಿಲಿಮೀಟರಿಗೂ ಹೆಚ್ಚು ಕಬ್ಬಿಣ ಬೇಕು, ಅಲ್ಯೂಮಿನಿಯಂ ಆದರೆ ಎರಡು ಸೆಂಟಿಮೀಟರ್. ಇಂಥ ಕಿರಣವನ್ನು ತೀಕ್ಷ್ಣವಾಗಿ, ಧಾರಾಳವಾಗಿ ಕೊಡುವುದು ದೊಡ್ಡ ಸಿಂಕ್ರೊಟ್ರಾನ್‌ಗಳು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಯುರೋಪಿಯನ್ ಸಿಂಕ್ರೊಟ್ರಾನ್‌ನ ಸುತ್ತಳತೆ 844 ಮೀಟರ್. ಹ್ಯಾಂಬರ್ಗ್‌ನ ಪೆಟ್ರಾ-3ರದು 2304 ಮೀಟರ್. ಎರಡರಲ್ಲೂ ಎಲೆಕ್ಟ್ರಾನ್‌ಗಳು 6 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಸುತ್ತುತ್ತವೆ, ಆಯಸ್ಕಾಂತಗಳ ಸಾಲಿನಲ್ಲಿ ಅತ್ತಿತ್ತ ಓಲಾಡುತ್ತ ಕ್ಷ-ಕಿರಣ ಚೆಲ್ಲುತ್ತವೆ.

ತೂರಿಹೋಗುವ ಗುಣವನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಸಮನಾದ ಇನ್ನೊಂದು ಗುಣವನ್ನು ಮರೆಯಬಾರದು. ಸ್ಫಟಿಕದ ಪದರಗಳ ನಡುವಿನ ಅಂತರ 2 ಆಂಗ್‌ಸ್ಟ್ರಾಂ ಇದ್ದರೆ, ತಾಮ್ರದ ಕಿರಣ ಅದರಿಂದ ಸುಮಾರು 45 ಡಿಗ್ರಿ ಬಾಗಿ ಹೊರಬರುತ್ತದೆ. 100 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಕಿರಣ ಬಾಗುವುದು ಮೂರೂವರೆ ಡಿಗ್ರಿಯಷ್ಟೇ. ಹಾಗಾಗಿ ವಿವರ್ತನೆಯ, ಅಂದರೆ ಹೀಗೆ ಬಾಗಿ ಹೊರಬಂದ ಕಿರಣಗಳ, ಉಂಗುರಗಳೆಲ್ಲ ಮುಂದಕ್ಕೇ ಬಂದು ಒಂದೇ ಡಿಟೆಕ್ಟರಿನ ಮೇಲೆ ಒಟ್ಟಿಗೆ ಬೀಳುತ್ತವೆ. ಕುಲುಮೆಗೆ, ಒತ್ತುಯಂತ್ರಕ್ಕೆ, ಬ್ಯಾಟರಿಗೆ ಸಣ್ಣದೊಂದು ಕಿಂಡಿ ಇದ್ದರೆ ಸಾಕು. ಭಾಗಗಳನ್ನು ತಿರುಗಿಸುತ್ತ ಕೂರಬೇಕಿಲ್ಲವಾದ್ದರಿಂದ ವೇಗವೂ ದಕ್ಕುತ್ತದೆ.

ಈಗ ಪೂರ್ವಪಕ್ಷ. ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ನಿಲ್ಲಿಸಿ, ಬಿಚ್ಚಿ, ಒಳಗಿನ ಪುಡಿಯನ್ನು ನೋಡಿದರೆ ಅರ್ಧ ಚಾರ್ಜಿನ ಸ್ಥಿತಿ ಕಾಣುವುದಿಲ್ಲವೆ? ಇಷ್ಟಕ್ಕೆ ಅಷ್ಟು ದೊಡ್ಡ ಯಂತ್ರ ಏಕೆ?

ಉತ್ತರಕ್ಕೆ ಲಿಥಿಯಂ ಐರನ್ ಫಾಸ್ಫೇಟ್‌ನ ಕಥೆಯೇ ಸಾಕು. 1997ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಈ ವಸ್ತುವನ್ನು ಬ್ಯಾಟರಿಯ ಧನಧ್ರುವವಾಗಿ ಮುಂದಿಟ್ಟರು. ಲಿಥಿಯಂ ಹೊರಹೋಗುವಾಗ ಅದು ತುಂಬಿದ ಪ್ರಾವಸ್ಥೆ, ಬರಿದಾದ ಪ್ರಾವಸ್ಥೆ ಎಂದು ಎರಡಾಗಿ ಒಡೆಯುತ್ತದೆ, ನಡುವೆ ಒಂದು ಗಡಿ ಸರಿಯುತ್ತದೆ ಎಂದು ವಿವರಿಸಿದರು. ನಿಲ್ಲಿಸಿ ನೋಡಿದವರಿಗೆ ಕಂಡದ್ದೂ ಆ ಎರಡೇ. 2008ರಲ್ಲಿ ದೆಲ್ಮಾಸ್ ಮತ್ತು ಸಂಗಡಿಗರು ಅರ್ಧ ಖಾಲಿಯಾದ ಮಾದರಿಗಳನ್ನು ಪರೀಕ್ಷಿಸಿ, ನ್ಯಾನೋ ಕಣಗಳು ಒಂದೋ ಪೂರ್ತಿ ತುಂಬಿವೆ, ಇಲ್ಲವೇ ಪೂರ್ತಿ ಬರಿದಾಗಿವೆ ಎಂದು ತೋರಿಸಿದರು. ಆ ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ವಿದ್ಯುತ್ತನ್ನು ಸರಿಯಾಗಿ ಹರಿಸದ, ಗಡಿಯನ್ನು ತಳ್ಳುತ್ತಲೇ ಸಾಗಬೇಕಾದ ವಸ್ತು ಕೆಲವೇ ನಿಮಿಷಗಳಲ್ಲಿ ಚಾರ್ಜ್ ಆಗುವುದು ಹೇಗೆ? 2011ರಲ್ಲಿ ಮಲಿಕ್, ಝೌ, ಸೆಡರ್ ಲೆಕ್ಕ ಹಾಕಿ, ವೇಗದ ಚಾರ್ಜಿನಲ್ಲಿ ಕಣ ಎರಡಾಗಿ ಒಡೆಯದೆ ಒಂದೇ ಪ್ರಾವಸ್ಥೆಯಾಗಿ ಬದಲಾಗುವ ದಾರಿಯೊಂದಿದೆ ಎಂದರು. ಅದು ಅನುಮಾನ ಪ್ರಮಾಣ. ಪ್ರತ್ಯಕ್ಷ ದೊರೆತದ್ದು 2014ರಲ್ಲಿ. ಕ್ಲೇರ್ ಗ್ರೇ ಅವರ ತಂಡ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸಿಂಕ್ರೊಟ್ರಾನ್‌ನಲ್ಲಿ, ಓಡುತ್ತಿರುವ ಸೆಲ್‌ನ ವಿವರ್ತನೆಯನ್ನು ಬಿಡದೆ ದಾಖಲಿಸಿತು. ಆರು ನಿಮಿಷಕ್ಕೆ ಚಾರ್ಜ್ ಮುಗಿಸುವಂಥ ವೇಗದಲ್ಲಿ, ಎರಡು ಪ್ರಾವಸ್ಥೆಗಳ ಗೆರೆಗಳ ನಡುವಿನ ಜಾಗ ತುಂಬಿಕೊಂಡಿತ್ತು. ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವಿನ ಸಂಯೋಜನೆಗಳು ಅಲ್ಲಿ ಇದ್ದವು. ವಿದ್ಯುತ್ ಕಡಿದು ಬಿಟ್ಟರೆ ಅವೇ ಮತ್ತೆ ಎರಡಾಗಿ ಬೇರ್ಪಡುತ್ತವೆ. ನದಿಯ ಸುಳಿಯನ್ನು ಚೊಂಬಿನಲ್ಲಿ ಮನೆಗೆ ತಂದು ಪರೀಕ್ಷಿಸಿದರೆ ಸಿಗುವುದು ನೀರು, ಸುಳಿಯಲ್ಲ. ಬಿಚ್ಚಿ ನೋಡುವ ವಿಧಾನ ಇಲ್ಲಿ ಸುಳ್ಳು ಹೇಳಲಿಲ್ಲ, ಬೇರೊಂದು ಪ್ರಶ್ನೆಗೆ ಉತ್ತರ ಹೇಳಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎರಡನೆಯದು. ನೋಡುವ ಕಿರಣವೇ ನೋಡಲ್ಪಡುವುದನ್ನು ಕೆಡಿಸಿದರೆ? ಕ್ಷ-ಕಿರಣ ಅಯಾನೀಕರಿಸುವ ಕಿರಣ. ಬ್ಯಾಟರಿಯ ದ್ರಾವಣ ಸಾವಯವ ಕಾರ್ಬೋನೇಟ್‌ಗಳಿಂದಾದದ್ದು. ಅದರ ಅಣುಗಳನ್ನು ಕಿರಣ ಒಡೆಯಬಲ್ಲದು. ಹಾಗಾದರೆ ನಾವು ಕಂಡದ್ದು ಬ್ಯಾಟರಿಯ ನಡತೆಯೋ, ಕಿರಣದ ಹಾವಳಿಯೋ?

ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಕಿರಣ ಪದೇ ಪದೇ ಬಿದ್ದ ಜಾಗದಲ್ಲಿ ಪ್ರತಿಕ್ರಿಯೆ ಹಿಂದೆ ಬೀಳುವುದನ್ನು, ಕೆಲವೊಮ್ಮೆ ನಿಂತೇಹೋಗುವುದನ್ನು, ಸಂಶೋಧಕರೇ ಪ್ರಕಟಿಸಿದ್ದಾರೆ. ಶಕ್ತಿ ಹೆಚ್ಚಿದಂತೆ ವಸ್ತು ಹೀರಿಕೊಳ್ಳುವ ಪಾಲು ಸಾಮಾನ್ಯವಾಗಿ ಇಳಿಯುತ್ತದೆ, ಹೆಚ್ಚು ಶಕ್ತಿಯ ಕಿರಣಕ್ಕೆ ಇದೂ ಒಂದು ಸಮರ್ಥನೆ. ಆದರೆ ಅದನ್ನೇ ಅಭಯವೆಂದು ತಿಳಿಯಬಾರದು. 2020ರಲ್ಲಿ ನವೀಕರಣ ಮುಗಿಸಿ ಮತ್ತೆ ತೆರೆದ ಗ್ರೆನೋಬಲ್‌ನ ಯಂತ್ರ ಮೊದಲಿಗಿಂತ ನೂರು ಪಟ್ಟು ಪ್ರಖರ. ಪ್ರಖರತೆ ಏರಿದಷ್ಟೂ ಈ ಆಕ್ಷೇಪದ ತೂಕವೂ ಏರುತ್ತದೆ. ಸಮಾಧಾನವಿರುವುದು ಪ್ರಯೋಗದ ಶಿಸ್ತಿನಲ್ಲಿ. ಕಿರಣ ತಾಗದ ಜೋಡಿ ಸೆಲ್ ಒಂದನ್ನು ಪಕ್ಕದಲ್ಲೇ ಓಡಿಸಬೇಕು. ಒಂದೇ ಸೆಲ್‌ನಲ್ಲಿ ಮತ್ತೆ ಮತ್ತೆ ಅಳೆದ ಜಾಗವನ್ನು, ಕೊನೆಗೊಮ್ಮೆ ಮಾತ್ರ ಅಳೆದ ಹೊಸ ಜಾಗದೊಡನೆ ಹೋಲಿಸಬೇಕು. ಕಿರಣದ ಪ್ರಮಾಣವನ್ನು ಏರಿಸಿ ಇಳಿಸಿ, ಫಲ ಬದಲಾಗುತ್ತದೆಯೆ ಎಂದು ನೋಡಬೇಕು. ಬದಲಾದರೆ ಆ ಫಲವನ್ನು ವಸ್ತುವಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಈ ಪರೀಕ್ಷೆ ಮಾಡದ ಪ್ರಬಂಧವನ್ನು, ಅದರ ಚಿತ್ರಗಳು ಎಷ್ಟೇ ಸುಂದರವಾಗಿರಲಿ, ಪ್ರಮಾಣವೆಂದು ನಾನು ಒಪ್ಪುವುದಿಲ್ಲ.

ಮೂರನೆಯ ಆಕ್ಷೇಪ: ಪ್ರಯೋಗಕ್ಕೆಂದು ಕಿಂಡಿ ಕೊರೆದ ಸೆಲ್ ಅಂಗಡಿಯ ಬ್ಯಾಟರಿ ಅಲ್ಲವಲ್ಲ? ನಿಜ. ಮೆತ್ತನೆಯ ಪ್ಲಾಸ್ಟಿಕ್ ಹಾಳೆಯ ಕಿಂಡಿ ಇದ್ದಲ್ಲಿ ಒತ್ತಡ ಕಡಿಮೆಯಾಗಿ, ಕಿರಣ ನೋಡುವ ಆ ಜಾಗದಲ್ಲೇ ಪ್ರತಿಕ್ರಿಯೆ ಹಿಂದುಳಿಯುತ್ತದೆ. ಅದಕ್ಕೇ ಆರ್ಗಾನ್‌ನವರು ಗಟ್ಟಿಯಾದ, ವಿದ್ಯುತ್ ಹರಿಸುವ ಗಾಜಿನಂಥ ಇಂಗಾಲದ ಕಿಂಡಿಯ ಸೆಲ್ ರೂಪಿಸಿದರು. ಇನ್ನೂ ನೇರವಾದ ಉತ್ತರವೆಂದರೆ ಅಂಗಡಿಯ ಸೆಲ್ ಅನ್ನೇ ನೋಡುವುದು. 2015ರಲ್ಲಿ ಡೋನಲ್ ಫಿನೆಗನ್ ಮತ್ತು ಸಂಗಡಿಗರು ಗ್ರೆನೋಬಲ್‌ನಲ್ಲಿ 18650 ಮಾದರಿಯ ಸೆಲ್‌ಗಳನ್ನು ಉಕ್ಕಿನ ಕವಚದ ಸಮೇತ ಬಿಸಿ ಮಾಡಿ, ಅವು ಉಷ್ಣದ ಹತೋಟಿ ತಪ್ಪಿ ಸಿಡಿಯುವುದನ್ನು ಮೂರು ಆಯಾಮದಲ್ಲಿ ಚಿತ್ರಿಸಿದರು. ಒಳಗೆ ತಾಮ್ರ ಕರಗಿದ ಗುರುತು ಕಂಡಿತು, ಅಂದರೆ ಅಲ್ಲಿನ ಉಷ್ಣಾಂಶ 1085 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ನಡುವೆ ಆಧಾರದ ಕೊಳವೆ ಇದ್ದ ಸೆಲ್‌ನೊಳಗಿನ ಪದರಗಳ ಸುರುಳಿ ಕುಸಿಯದೆ ನಿಂತಿತು. ಇಲ್ಲದ್ದು ಕುಸಿದು ಒಳಗಿನದನ್ನೆಲ್ಲ ಕಾರಿತು. ಜನರ ಜೇಬಿನಲ್ಲಿ, ಸೀಟಿನ ಅಡಿಯಲ್ಲಿ ಇರುವ ವಸ್ತುವಿನ ಬಗ್ಗೆ ಇಂಥ ತಿಳಿವು ಸಿಕ್ಕುವುದು ಸಣ್ಣ ಮಾತಲ್ಲ.

ನಾಲ್ಕನೆಯದು ಸೂಕ್ಷ್ಮ. ಪುಡಿಯ ವಿವರ್ತನೆ ಕೋಟ್ಯಂತರ ಕಣಗಳ ಒಟ್ಟು ಮಾತು. ಅದರಲ್ಲಿ ನಡುವಿನ ಸಂಯೋಜನೆ ಕಂಡರೆ, ಅದು ಒಂದೇ ಕಣದೊಳಗಿನ ಏರಿಳಿತವೋ, ಕಣಕಣಕ್ಕೂ ಇರುವ ವ್ಯತ್ಯಾಸವೋ? ಹಾಗಾದರೆ ಇದೂ ಅನುಮಾನವೇ ತಾನೆ? ಒಪ್ಪಿದೆ, ಒಟ್ಟು ಚಿತ್ರವೊಂದೇ ಇದನ್ನು ಬಿಡಿಸದು. ಬಿಡಿಸುವುದಕ್ಕೆ ಕಿರಣವನ್ನು ಕಿರಿದಾಗಿಸಬೇಕು. 2015ರಲ್ಲಿ ಡೆಲ್ಫ್ಟ್‌ನ ಮಾರ್ನಿಕ್ಸ್ ವಾಗೆಮೇಕರ್ ಅವರ ತಂಡ ಅದೇ ಫಾಸ್ಫೇಟ್‌ನ ಒಂದೊಂದೇ ಕಣದ ಚುಕ್ಕೆಗಳನ್ನು ಗ್ರೆನೋಬಲ್‌ನ ಸೂಕ್ಷ್ಮಕಿರಣದಲ್ಲಿ ಹಿಂಬಾಲಿಸಿತು. ನಿಧಾನದ ಚಾರ್ಜಿನಲ್ಲಿ ಒಂದೇ ಕಣದೊಳಗೆ ತೆಳು ಹಾಳೆಗಳಂಥ ವಲಯಗಳು ಜೊತೆಜೊತೆಗೆ ಇದ್ದವು. ವೇಗ ಏರಿದಂತೆ ಗಡಿಗಳು ಮಸುಕಾಗಿ ಹರಡಿಕೊಂಡವು. ದೆಲ್ಮಾಸ್ ಚಿತ್ರ, ಗ್ರೇ ಚಿತ್ರ ಎರಡನ್ನೂ ಇದು ತಿದ್ದಿ ತುಂಬಿಸಿತು. ಆಕ್ಷೇಪ ಸರಿಯಾಗಿದ್ದುದರಿಂದಲೇ ವಿಧಾನ ಬೆಳೆಯಿತು.

ಉಳಿದದ್ದು ವೆಚ್ಚ ಮತ್ತು ಕಾಲದ ಆಕ್ಷೇಪ. ಸಿಂಕ್ರೊಟ್ರಾನ್‌ನ ಬೀಮ್‌ಲೈನ್‌ನಲ್ಲಿ, ಅಂದರೆ ಕಿರಣ ಬಂದು ಬೀಳುವ ಪ್ರಯೋಗದ ತಾಣದಲ್ಲಿ, ಒಂದು ತಂಡಕ್ಕೆ ಸಿಗುವುದು ಕೆಲವು ದಿನ; ಬ್ಯಾಟರಿ ಸವೆಯುವುದು ವರ್ಷಗಳಲ್ಲಿ. ಇಂಗ್ಲೆಂಡಿನ ಡೈಮಂಡ್ ಸಿಂಕ್ರೊಟ್ರಾನ್‌ನಲ್ಲಿ ಮಾದರಿಗಳನ್ನು ತಿಂಗಳುಗಟ್ಟಲೆ ಅಲ್ಲೇ ಇಟ್ಟು ಆಗಾಗ ಅಳೆಯುವ ಏರ್ಪಾಡಿದೆ, ಆದರೆ ಅದು ಅಪರೂಪ. ದಿನನಿತ್ಯದ ಸವೆತದ ಅಧ್ಯಯನಕ್ಕೆ ಬಿಚ್ಚಿ ನೋಡುವ ಹಳೆಯ ವಿಧಾನವೇ ಇರಲಿ ಎಂದು ಇಲ್ಲಿ ಪೂರ್ವಪಕ್ಷಕ್ಕೆ ಬಿಟ್ಟುಕೊಡುತ್ತೇನೆ.

ವೆಚ್ಚದ ಮಾತನ್ನು ಮಾತ್ರ ಬಿಟ್ಟುಕೊಡಲಾರೆ. ಇಂದೋರಿನಲ್ಲಿರುವ ನಮ್ಮ ದೇಶದ ಸಿಂಕ್ರೊಟ್ರಾನ್ ಇಂಡಸ್-2 ಒಳ್ಳೆಯ ಯಂತ್ರ, ಆದರೆ ಅದರ ಎಲೆಕ್ಟ್ರಾನ್‌ಗಳ ಶಕ್ತಿ 2.5 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಅದರ ಬಾಗು ಆಯಸ್ಕಾಂತಗಳಿಂದ 100 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಕಿರಣ ಕೆಲಸಕ್ಕೆ ಸಾಲುವಷ್ಟು ಹುಟ್ಟುವುದಿಲ್ಲ. ಆದ್ದರಿಂದ ನಮ್ಮ ಸಂಶೋಧಕರು ಹ್ಯಾಂಬರ್ಗಿಗೆ ಹೋಗುತ್ತಾರೆ. ಪೆಟ್ರಾ-3ರಲ್ಲಿ ಭಾರತೀಯರ ಪ್ರಯೋಗಗಳನ್ನು ಸಂಯೋಜಿಸುವುದು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಈ ಸಹಭಾಗಿತ್ವ ಬೇಕು, ಬೆಳೆಯಲೂ ಬೇಕು. ಆದರೆ ಸೆಲ್ ಕೆಟ್ಟರೆ ಮರುದಿನವೇ ಹೊಸದನ್ನು ಹೂಡಿ, ಕಿರಣದ ಪ್ರಮಾಣ ಬದಲಿಸಿ, ಜೋಡಿ ಸೆಲ್ ಇಟ್ಟು ಮತ್ತೆ ಅಳೆಯುವ ಶಿಸ್ತು, ಎರಡನೆಯ ಆಕ್ಷೇಪಕ್ಕೆ ಇರುವ ಏಕೈಕ ಉತ್ತರವಾದ ಆ ಶಿಸ್ತು, ಸಮುದ್ರದಾಚೆ ಸಿಗುವ ನಾಲ್ಕಾರು ದಿನಗಳಲ್ಲಿ ಕಷ್ಟ. ಬ್ಯಾಟರಿಯನ್ನೂ ವಿಮಾನದ ಲೋಹವನ್ನೂ ತಾನೇ ತಯಾರಿಸಹೊರಟ ದೇಶಕ್ಕೆ 6 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನ ಸ್ವಂತ ಸಿಂಕ್ರೊಟ್ರಾನ್ ಬೇಕೆಂದು ನಾನು ವಾದಿಸುವುದು ಈ ಕಾರಣಕ್ಕೆ.