ಇಂದಿನ ಧಮ್ಮ ಚಿಂತನೆ: ಶನಿವಾರದ ಕೇರಂ ಆಟ



ನಮ್ಮ ಬೀದಿಯ ವಾಚನಾಲಯದಲ್ಲಿ ಪ್ರತಿ ಶನಿವಾರ ರಾತ್ರಿ ಎಂಟು ಗಂಟೆಗೆ ಕೇರಂ ಆಟ. ನಾವು ಆರು ಜನ. ಒಬ್ಬರು ಮೇಷ್ಟ್ರು, ಒಬ್ಬರು ಲೈನ್‌ಮನ್, ಇಬ್ಬರು ಆಟೊ ಓಡಿಸುವವರು, ಒಬ್ಬ ಮನೆಗಳಿಗೆ ಪೇಂಟ್ ಹೊಡೆಯುವವನು, ಮತ್ತೆ ನಾನು. ಬಾಬಾಸಾಹೇಬರ ಫೋಟೊ ಎದುರಿಗೆ ಬೋರ್ಡ್ ಇಟ್ಟು, ಪೌಡರ್ ಉದುರಿಸಿ ಕೂತರೆ ಹತ್ತೂವರೆ ಆದದ್ದೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ಇಬ್ಬರಿಗೆ ಕುಡಿತ ಬಿಡಲು ನೆರವಾದದ್ದು ಇದೇ ಆಟ. ಶನಿವಾರ ಸಂಜೆ ಕಾಲು ಬೇರೆ ಕಡೆ ಎಳೆಯುವ ಹೊತ್ತಿಗೆ ಇಲ್ಲಿ ನಾಲ್ಕು ಜನ ಕಾಯುತ್ತಿರುತ್ತಿದ್ದರು.

ಮೊದಲು ಸೋತವರು ಟೀ ಕೊಡಿಸಬೇಕು ಎಂಬುದಷ್ಟೇ ಇತ್ತು. ಆಮೇಲೆ ಬೋರ್ಡಿಗೆ ಹತ್ತು ರೂಪಾಯಿ ಬಂತು. "ದುಡ್ಡಿದ್ರೆ ಆಟಕ್ಕೊಂದು ಖದರ್" ಎಂದವನು ನಾನೇ. ಕಳೆದ ಮಳೆಗಾಲಕ್ಕೆ ಬೋರ್ಡಿಗೆ 50, ರೆಡ್‌ಗೆ 20 ಆಗಿತ್ತು. ಗೆಳೆಯರ ನಡುವೆ ತಾನೆ, ಇದೇನು ಜೂಜಲ್ಲ ಎಂದುಕೊಂಡೆವು.

ಆಗ ಪೇಂಟ್ ಕೆಲಸದ ತಮ್ಮ ಬರುವುದು ನಿಲ್ಲಿಸಿದ. ಮೂರು ಶನಿವಾರ ಕಳೆಯಿತು. "ಸೋಲೋ ಭಯಕ್ಕೆ ಬರ್ತಿಲ್ಲ" ಎಂದು ನಗಾಡಿದೆವು. ಫೋನ್ ಮಾಡಿದರೆ, "ಕೆಲ್ಸ ಜಾಸ್ತಿ ಕಣಣ್ಣ" ಎಂದ. ಮಳೆಗಾಲದಲ್ಲಿ ಗೋಡೆಗೆ ಬಣ್ಣ ಹೊಡೆಸುವವರು ಯಾರು? ಅಷ್ಟೂ ನನಗೆ ಹೊಳೆಯಲಿಲ್ಲ.

ವಿಷಯ ತಿಳಿದದ್ದು ಹೆಂಗಸರ ಮಾತಿನಿಂದ. ಹತ್ತನೇ ಕ್ಲಾಸಿನಲ್ಲಿರುವ ಮಗಳ ಟ್ಯೂಷನ್ ಫೀಸಿಗೆ ಎತ್ತಿಟ್ಟ ದುಡ್ಡು ಕೇರಂಗೆ ಹೋಗಿತ್ತು. ಎರಡು ಶನಿವಾರದಲ್ಲಿ 600 ರೂಪಾಯಿ. ಅದರಲ್ಲಿ 350 ನನ್ನ ಜೇಬಿಗೆ ಬಂದದ್ದು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಬಂಧುಗಳೇ, ಪಂಚಶೀಲದಲ್ಲಿ ಜೂಜು ಎಂಬ ಮಾತಿಲ್ಲ. ಆದರೆ ರಾಜಗೃಹದಲ್ಲಿ ತಥಾಗತರು ಸಿಗಾಲ ಎಂಬ ಗೃಹಸ್ಥ ಯುವಕನಿಗೆ ಹೇಳಿದ ಸಿಗಾಲೋವಾದ ಸುತ್ತದಲ್ಲಿ ಅದರ ಆರು ಕೇಡುಗಳನ್ನು ಎಣಿಸಿದ್ದಾರೆ. ಗೆದ್ದವನು ಹಗೆ ಕಟ್ಟಿಕೊಳ್ಳುತ್ತಾನೆ, ಸೋತವನು ಕಳೆದ ಹಣಕ್ಕೆ ಮರುಗುತ್ತಾನೆ ಎಂಬಲ್ಲಿಂದ ಅದು ಶುರುವಾಗುತ್ತದೆ. ಗಮನಿಸಿ, ಸೋತವನಿಗೆ ಮಾತ್ರವಲ್ಲ, ಗೆದ್ದವನಿಗೂ ಕೇಡು.

ಅದೇ ಸುತ್ತದಲ್ಲಿ ಇನ್ನೊಂದು ಮಾತಿದೆ. ಆರು ದಿಕ್ಕುಗಳಲ್ಲಿ ಉತ್ತರ ದಿಕ್ಕು ಎಂದರೆ ಗೆಳೆಯರು. ಗೆಳೆಯರ ಕರ್ತವ್ಯಗಳಲ್ಲಿ ಒಂದು: ಗೆಳೆಯ ಮೈಮರೆತಾಗ ಅವನನ್ನೂ ಅವನ ಹಣವನ್ನೂ ಕಾಯುವುದು. ಇದನ್ನು ನಮ್ಮ ವಿಹಾರದಲ್ಲಿ ಎಷ್ಟೋ ಸಲ ನಾನೇ ಓದಿ ವಿವರಿಸಿದ್ದೇನೆ. ಆದರೆ ನನ್ನ ಗೆಳೆಯ ಮೈಮರೆತಾಗ ನಾನು ಅವನ ಹಣವನ್ನು ಕಾಯಲಿಲ್ಲ, ಎಣಿಸಿ ಜೇಬಿಗಿಟ್ಟುಕೊಂಡೆ.

ಮರುದಿನ 350 ರೂಪಾಯಿ ತೆಗೆದುಕೊಂಡು ಅವನ ಮನೆಗೆ ಹೋದೆ. ಅವನು ಮುಟ್ಟಲಿಲ್ಲ. "ಸೋತಿದ್ದು ನಾನು. ಇದನ್ನ ಈಸ್ಕೊಂಡ್ರೆ ನಾಳೆ ನಿಮ್ಮ ಎದುರು ಸಮಕ್ಕೆ ಹೆಂಗೆ ಕೂರ್ಲಿ? ಪಾಪ ಅನ್ನಬೇಡಿ ಅಣ್ಣ" ಎಂದ.

ನಾನು ಹೋಗಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೂ ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ ಆಗಿಹೋಗಿತ್ತು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಕರುಣೆಯೊಂದೇ ಸಾಲದು, ಮೈತ್ರಿ ಬೇಕು ಎಂದು ಯಾಕೆ ಒತ್ತಿ ಹೇಳಿದರು ಎಂಬುದು ಆ ಬಾಗಿಲಲ್ಲಿ ನಿಂತಾಗ ನನಗೆ ಸ್ವಲ್ಪ ತಿಳಿಯಿತು. ಸುತ್ತದಲ್ಲಿಯೂ ಗೆಳೆಯನನ್ನು ನೋಡಿಕೊಳ್ಳುವ ಐದು ಬಗೆಗಳಲ್ಲಿ ದಾನದ ಜೊತೆಗೆ ಸಮಾನತೆಯೂ ಇದೆ, ಅಂದರೆ ಅವನನ್ನು ತನ್ನಂತೆಯೇ ಕಾಣುವುದು. ತಲೆಮಾರುಗಳಿಂದ ಪರರ ಕನಿಕರ ಉಂಡ ಜನ ನಾವು. ಕನಿಕರದ ರುಚಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದಿನ ಶನಿವಾರ ಉಳಿದ ಐವರೂ ಕೂತು ಮಾತಾಡಿದೆವು. ಯಾರ ಹೆಸರನ್ನೂ ನಾನು ಎತ್ತಲಿಲ್ಲ, ನನ್ನ ತಪ್ಪನ್ನಷ್ಟೇ ಹೇಳಿದೆ. ದುಡ್ಡಿನ ಆಟ ಅಂದಿಗೇ ನಿಂತಿತು. ಗೆದ್ದವರೆಲ್ಲ ನೆನಪಿದ್ದಷ್ಟು ಹಣವನ್ನು ವಾಚನಾಲಯದ ಡಬ್ಬಿಗೆ ಹಾಕಿದೆವು. ಅದರಲ್ಲಿ ಬೀದಿಯ ಹತ್ತನೇ ಕ್ಲಾಸಿನ ಮಕ್ಕಳಿಗೆಲ್ಲ ನೋಟ್‌ಬುಕ್ ಬಂತು. ಮೇಷ್ಟ್ರು, "ಆಟಕ್ಕೆ ಮುಂಚೆ ಒಂದು ಗಂಟೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಗಣಿತ, ವಿಜ್ಞಾನ ನಾನು ಹೇಳಿಕೊಡ್ತೀನಿ, ಎಲ್ಲ ಮಕ್ಕಳೂ ಬರಲಿ" ಎಂದರು. ಟೀ ಈಗ ಸರದಿ ಪ್ರಕಾರ, ಸೋಲು ಗೆಲುವು ನೋಡಿ ಅಲ್ಲ.

ತಮ್ಮ ಮೊದಲು ಮಗಳನ್ನು ಪಾಠಕ್ಕೆ ಬಿಡಲು ಬಂದ. ಎರಡನೇ ವಾರ ಅಲ್ಲೇ ಕೂತು ಸ್ಟ್ರೈಕರ್ ಹಿಡಿದ. ರೆಡ್ ಹೊಡೆದ, ಕವರ್ ತಪ್ಪಿತು, ಕಾಯಿ ಮತ್ತೆ ನಡುವಿಗೆ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಇದನ್ನು ಬರೆಯಲಾ ಎಂದು ಕೇಳಿದಾಗ, "ಬರೀರಿ ಅಣ್ಣ, ಹೆಸರು ಮಾತ್ರ ಬೇಡ" ಎಂದ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಬಂಧುತ್ವವಿಲ್ಲದ ಸ್ವಾತಂತ್ರ್ಯ, ಸಮಾನತೆ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ಎಚ್ಚರಿಸಿದರು. ಆ ಬಂಧುತ್ವ ಇಂಥ ಆರು ಜನರ ಕೂಟದಲ್ಲೇ ಉಳಿಯದಿದ್ದರೆ ದೇಶದಲ್ಲಿ ಎಲ್ಲಿ ಉಳಿದೀತು?

ಇಂದಿನ ಅಭ್ಯಾಸ: ನಿಮ್ಮ ಗೆಳೆಯರ ಗುಂಪಿನಲ್ಲಿ, ಸಂಘದಲ್ಲಿ, ಚೀಟಿಯಲ್ಲಿ ಇತ್ತೀಚೆಗೆ ಬರುವುದು ನಿಲ್ಲಿಸಿದವರು ಯಾರು? ಇವತ್ತು ಅವರ ಮನೆಗೆ ಹೋಗಿ. ಯಾಕೆ ಬರಲಿಲ್ಲ ಎಂದು ಕೇಳುವ ಮುಂಚೆ, ಅವರು ಬಾರದಿರಲು ನಾನೇನಾದರೂ ಕಾರಣವೇ ಎಂದು ಒಮ್ಮೆ ಯೋಚಿಸಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.