ವಾದದಲ್ಲಿ ಎರವಲು ನುಡಿ

ಮಾನವನಿಗೆ ಪರಶಿವನು ಅನುಗ್ರಹಿಸಿದ ಸಂಪತ್ತುಗಳಲ್ಲಿ ಮಾತೇ ಮಿಗಿಲಾದುದು. ಹೊಲ, ಮನೆ, ದನಕರುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ; ಮಾತಾದರೋ ಆಡಿದವನ ಕೊರಳಿಗೇ ಕಟ್ಟಿಕೊಂಡಿರುತ್ತದೆ. ಶಿವಶರಣರು ತಮ್ಮ ಅನುಭಾವದ ನುಡಿಗೆ ‘ವಚನ’ವೆಂದು ಹೆಸರಿಟ್ಟುದು ಅರ್ಥವಿಲ್ಲದೆ ಅಲ್ಲ. ವಚನವೆಂದರೆ ಮಾತೂ ಅಹುದು, ಕೊಟ್ಟ ಭಾಷೆಯೂ ಅಹುದು. ಅರಸನ ಭಂಡಾರದ ಲೆಕ್ಕ ನೋಡಿದವನು, ದೋಣಿ ನಡೆಸಿದವನು, ಹಗ್ಗ ಹೊಸೆದವನು, ನೂಲು ತೆಗೆದವಳು, ಹೀಗೆ ಒಬ್ಬೊಬ್ಬ ಶರಣನೂ ಶರಣೆಯೂ ತನ್ನ ನುಡಿಯ ಕೊನೆಗೆ ತನ್ನ ಅಂಕಿತವನ್ನಿಟ್ಟು, ‘ಈ ಮಾತಿಗೆ ಹೊಣೆ ನಾನು, ಸಾಕ್ಷಿ ಶಿವನು’ ಎಂಬ ಭಾವದಿಂದ ಅದನ್ನು ಲೋಕಕ್ಕೆ ಒಪ್ಪಿಸಿದರು.

ಈಚಿನ ವರ್ಷಗಳಲ್ಲಿ ಈ ಹೊಣೆಯನ್ನು ಸಡಿಲಿಸುವ ಹೊಸದೊಂದು ರೂಢಿ ತಲೆಯೆತ್ತಿದೆ. ಹಿಂದೆ ಗುಡಿಯ ಕಟ್ಟೆಯ ಮೇಲೆಯೋ ಮಠದ ಪಡಸಾಲೆಯಲ್ಲಿಯೋ ನಡೆಯುತ್ತಿದ್ದ ಧರ್ಮಚರ್ಚೆಯು ಇಂದು ಅಂಗೈಯ ಮೊಬೈಲಿನಲ್ಲಿ ನಡೆಯುತ್ತಿದೆ. ಮತ, ಜಾತಿ, ರಾಜಕಾರಣ, ಆಚಾರವಿಚಾರ ಎಲ್ಲವೂ ಅಲ್ಲಿ ವಾದಕ್ಕೆ ಬರುತ್ತವೆ. 2022ರ ನವೆಂಬರ್ 30ರಂದು ಅಮೆರಿಕದಲ್ಲಿ ಚಾಟ್‌ಜಿಪಿಟಿ ಎಂಬ ಮಾತುಗಾರ ಯಂತ್ರವು ಜನರ ಬಳಕೆಗೆ ಬಂದಿತು. ಬಳಿಕ ಅಂತಹವು ಹಲವು ಹುಟ್ಟಿಕೊಂಡವು. ಇವುಗಳನ್ನು ಚಾಟ್‌ಬಾಟ್ ಎಂದು ಕರೆಯುವರು. ಎದುರಾಳಿಯ ಮಾತನ್ನು ಅದರ ಮುಂದಿಟ್ಟು ‘ಇದನ್ನು ಖಂಡಿಸು’ ಎಂದರೆ ಸಾಕು, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎರಡು ಪುಟದ ಖಂಡನೆ ಸಿದ್ಧವಾಗುತ್ತದೆ. ಅದನ್ನು ತನ್ನ ಹೆಸರಿನಲ್ಲಿ ಕಳುಹಿಸುವವನಿಗೆ ಅದರ ಒಳಹುರುಳು ತಿಳಿದಿರಬೇಕೆಂಬ ನಿಯಮವಿಲ್ಲ. ಎದುರಿನವನೂ ಹಾಗೆಯೇ ಮಾಡಿದನೆಂದರೆ, ಇಬ್ಬರ ಹೆಸರಿನಲ್ಲಿ ಎರಡು ಯಂತ್ರಗಳು ಕಾದಾಡುತ್ತವೆ. ಮನುಷ್ಯರಿಬ್ಬರು ಮನಸ್ತಾಪವನ್ನು ಮಾತ್ರ ಉಣ್ಣುತ್ತಾರೆ.

ಮಾಸೂರಿನ ಸೀಮೆಯ ಸದ್ಭಕ್ತರಿಗೆ ಈ ವಿಷಯವನ್ನು ತೂಗಿ ನೋಡಲು ದೂರ ಹೋಗಬೇಕಾಗಿಲ್ಲ. ಅಬಲೂರು ಹತ್ತಿರದಲ್ಲಿಯೇ ಇದೆ. ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವು ಸುಮಾರು 1200ರ ಕಾಲದ್ದು. ಆಳಂದೆಯಲ್ಲಿ ಹುಟ್ಟಿದ ಏಕಾಂತದ ರಾಮಯ್ಯನು ಹುಲಿಗೆರೆಯ ಮಾರ್ಗವಾಗಿ ಅಬಲೂರಿಗೆ ಬಂದುದನ್ನೂ, ಅಲ್ಲಿಯ ಜೈನರೊಡನೆ ವಾದಕ್ಕೆ ನಿಂತುದನ್ನೂ ಅದು ವಿವರವಾಗಿ ಹೇಳುತ್ತದೆ. ರಾಮಯ್ಯನು ಮೊದಲು ಪಣದ ಮಾತನ್ನು ಓಲೆಯ ಮೇಲೆ ಬರೆಸಿಕೊಂಡನು. ಆ ಬಳಿಕ ತನ್ನ ಶಿರವನ್ನೇ ಅರಿದು ಶಿವನಿಗೆ ಒಪ್ಪಿಸಿ ಏಳನೆಯ ದಿನ ಮರಳಿ ಪಡೆದನೆಂದೂ, ಕಲಹವು ಬಿಜ್ಜಳನ ಸನ್ನಿಧಿಗೆ ಹೋದಾಗ ಆ ಓಲೆಯನ್ನು ಮುಂದಿಟ್ಟು, ಮತ್ತೊಮ್ಮೆ ಪಣಕ್ಕೆ ಸಿದ್ಧನೆಂದು ನಿಂತು ಜಯಪತ್ರವನ್ನು ಪಡೆದನೆಂದೂ ಶಾಸನವು ಸಾರುತ್ತದೆ. ಆ ಕಾಲದ ಮತಕಲಹದ ಕಾವನ್ನು ಇಂದು ಯಾರೂ ಕೆದಕಬೇಕಾಗಿಲ್ಲ. ಜೈನ ಬಾಂಧವರು ಕನ್ನಡ ನುಡಿಯನ್ನು ಬೆಳೆಸಿದವರು, ನೆರೆಹೊರೆಯವರಾಗಿ ಬಾಳಿದವರು. ಕಥೆಯಿಂದ ಇಂದು ತೆಗೆದುಕೊಳ್ಳಬೇಕಾದುದು ಒಂದೇ: ಅಂದು ವಾದಿಯಾದವನು ಮಾತಿನ ಜೊತೆಗೆ ತನ್ನ ತಲೆಯನ್ನೂ ಒತ್ತೆಯಿಟ್ಟಿದ್ದನು. ಇಂದಿನ ವಾದಿಯು ತಲೆಯನ್ನೇ ಎರವಲು ತರುತ್ತಾನೆ. ಎರವಲು ತಂದ ತಲೆ ಉರುಳಿದರೆ ತಂದವನಿಗೆ ನೋವಿಲ್ಲ. ನೋವಿಲ್ಲದವನ ಪಣಕ್ಕೆ ಬೆಲೆಯೂ ಇಲ್ಲ.

ವಾದವೆಂದರೇನೆಂಬುದನ್ನು ನ್ಯಾಯಶಾಸ್ತ್ರವು ಸ್ಪಷ್ಟವಾಗಿ ವಿಂಗಡಿಸಿದೆ. ಗೌತಮ ಮುನಿಯ ನ್ಯಾಯಸೂತ್ರಗಳಲ್ಲಿ ಕಥೆಯು, ಎಂದರೆ ಇಬ್ಬರ ನಡುವಣ ಶಾಸ್ತ್ರಚರ್ಚೆಯು, ಮೂರು ಬಗೆ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಯುವುದು ಜಲ್ಪ. ತನಗೊಂದು ಪಕ್ಷವೇ ಇಲ್ಲದೆ ಎದುರಿನವನ ಪಕ್ಷವನ್ನು ಕೆಡಹುವುದಷ್ಟೇ ಗುರಿಯಾದುದು ವಿತಂಡ. ಸೋಲಿನ ಸ್ಥಾನಗಳನ್ನು, ಎಂದರೆ ನಿಗ್ರಹಸ್ಥಾನಗಳನ್ನು, ಅದೇ ಶಾಸ್ತ್ರವು 22 ಎಂದು ಎಣಿಸಿದೆ. ಅವುಗಳಲ್ಲಿ ಅಜ್ಞಾನವೂ ಒಂದು. ಎದುರಾಳಿಯು ಆಡಿದ ಮಾತು ಸಭೆಗೆ ತಿಳಿದರೂ ತನಗೆ ತಿಳಿಯದೆ ಹೋಗುವುದೇ ಅದು. ತಾನು ಕಳುಹಿಸಿದ ಉತ್ತರವೇ ತನಗೆ ತಿಳಿಯದವನನ್ನು ಯಾವ ಸ್ಥಾನದಲ್ಲಿ ಕೂರಿಸಬೇಕೆಂಬುದನ್ನು ಓದುಗರೇ ಊಹಿಸಬಹುದು. ಯಂತ್ರವು ಜಲ್ಪಕ್ಕೂ ವಿತಂಡಕ್ಕೂ ಬೇಕಾದಷ್ಟು ಸಾಮಗ್ರಿಯನ್ನು ಒದಗಿಸಬಲ್ಲದು. ವಾದಕ್ಕೆ ಬೇಕಾದುದು ಬೇರೆ: ತಿಳಿಯಬೇಕೆಂಬ ಹಂಬಲ, ತಪ್ಪಿದರೆ ತಿದ್ದಿಕೊಳ್ಳುವ ಮನಸ್ಸು. ಅವೆರಡನ್ನೂ ಯಾರೂ ಯಾರಿಗೂ ಎರವಲು ಕೊಡಲಾರರು.

ಶೂನ್ಯಸಂಪಾದನೆಯನ್ನು ಭಕ್ತಿಯಿಂದ ಓದಿದವರಿಗೆ ಇದು ಚೆನ್ನಾಗಿ ತಿಳಿದಿದೆ. ಸೊನ್ನಲಿಗೆಯಲ್ಲಿ ಕೆರೆಬಾವಿಗಳನ್ನು ಕಟ್ಟಿಸುತ್ತ ಕೀರ್ತಿವಂತನಾಗಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭುವು ಬಂದು, ಅವನನ್ನು ಒಡ್ಡನೆಂದು ಹೀಯಾಳಿಸಿ ಕೆಣಕಿದನು. ಸಿದ್ಧರಾಮನಿಗೆ ಸಿಟ್ಟು ಬಂದಿತು, ಅಭಿಮಾನವು ಸಿಡಿದೆದ್ದಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ತನ್ನ ಕಾರ್ಯದಲ್ಲಿ ಅಡಗಿದ್ದ ‘ನಾನು’ ಎಂಬುದು ಅವನ ಕಣ್ಣಿಗೆ ಬಿದ್ದಿತು. ಅವನು ಪ್ರಭುವಿನೊಡನೆ ಕಲ್ಯಾಣದ ಹಾದಿಯನ್ನು ಹಿಡಿದನು. ಅಂದು ಸಿದ್ಧರಾಮನು ತನ್ನ ಪರವಾಗಿ ನುಡಿಯಲು ಒಬ್ಬ ಕೂಲಿ ಪಂಡಿತನನ್ನು ನಿಲ್ಲಿಸಿದ್ದರೆ ಏನಾಗುತ್ತಿದ್ದಿತು? ಪಂಡಿತನು ಸೋಲುತ್ತಿದ್ದನು, ಸಿದ್ಧರಾಮನು ಇದ್ದಂತೆಯೇ ಉಳಿಯುತ್ತಿದ್ದನು. ತನ್ನ ಬಾಯಿಂದ ತಾನೇ ನುಡಿದುದರಿಂದ ಪ್ರಭುವಿನ ಪೆಟ್ಟು ತಾಗಬೇಕಾದ ಜಾಗಕ್ಕೆ ತಾಗಿತು. ಶರಣರ ಗೋಷ್ಠಿಯಲ್ಲಿ ಸೋತವನೇ ಹೆಚ್ಚು ಲಾಭ ಪಡೆದವನು. ಬೇರೆಯವರ ನುಡಿಯನ್ನು ಮುಂದೊಡ್ಡಿ ತಾನು ಹಿಂದೆ ಅವಿತುಕೊಂಡವನು ಈ ಲಾಭಕ್ಕೆ ಎರವಾಗುತ್ತಾನೆ. ಗೆದ್ದರೆ ಗೆಲುವು ಅವನದಲ್ಲ. ಸೋತರೆ ಸೋಲಿನ ಪಾಠವೂ ಅವನದಾಗುವುದಿಲ್ಲ.

ಈ ಯಂತ್ರದ ಸ್ವಭಾವವನ್ನೂ ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಮನುಷ್ಯರು ಬರೆದ ಅಪಾರವಾದ ಬರಹರಾಶಿಯನ್ನು ಅದಕ್ಕೆ ಉಣಿಸಿರುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ಸಹಜವೆಂಬ ಎಣಿಕೆಯಿಂದ ಅದು ವಾಕ್ಯಗಳನ್ನು ಹೆಣೆಯುತ್ತದೆ. ಬೆಳಿಗ್ಗೆ ಒಂದು ಪಕ್ಷವನ್ನು ಸಮರ್ಥಿಸೆಂದರೆ ಸಮರ್ಥಿಸುತ್ತದೆ. ಸಂಜೆ ಅದನ್ನೇ ಮುರಿಯೆಂದರೆ ಅಷ್ಟೇ ಸೊಗಸಾಗಿ ಮುರಿಯುತ್ತದೆ. ಅದಕ್ಕೆ ನಂಬಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ಮಾತು ಸಹಜವಾಗಿ ಕೇಳಿಸಿದರೂ ಒಮ್ಮೊಮ್ಮೆ ಅದು ಹುಸಿಯಾಗಿರುತ್ತದೆ. ನ್ಯೂಯಾರ್ಕಿನ ಒಂದು ನ್ಯಾಯಾಲಯದಲ್ಲಿ ಚಾಟ್‌ಜಿಪಿಟಿಯನ್ನು ನಂಬಿದ ವಕೀಲರು ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಆಧಾರವಾಗಿ ಕೊಟ್ಟು, 2023ರ ಜೂನಿನಲ್ಲಿ 5,000 ಡಾಲರ್ ದಂಡಕ್ಕೆ ಗುರಿಯಾದರು. ಕರ್ನಾಟಕದಲ್ಲಿಯೂ, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರಿನಲ್ಲಿ ಕೊಟ್ಟ ಆದೇಶವೊಂದರಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳು ಉಲ್ಲೇಖಗೊಂಡಿದ್ದುದು ಕಂಡುಬಂದು, ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು, ತಮ್ಮ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಲೆಂದೇ ಜನರು ಸೇರುವ ಅಂತರ್ಜಾಲದ ಒಂದು ಚರ್ಚಾಕೂಟದಲ್ಲಿ, ಯಾರಿಗೂ ತಿಳಿಸದೆ ಯಂತ್ರದಿಂದ ಬರೆಸಿದ 1,700ಕ್ಕೂ ಹೆಚ್ಚು ಉತ್ತರಗಳನ್ನು ಹಾಕಿದ್ದುದು 2025ರಲ್ಲಿ ಬೆಳಕಿಗೆ ಬಂದಿತು. ಅವುಗಳಲ್ಲಿ ಕೆಲವನ್ನು ಅತ್ಯಾಚಾರಕ್ಕೆ ಗುರಿಯಾದ ನೊಂದವರ ಸ್ವಂತ ಮಾತೆಂಬಂತೆ ಬರೆಸಲಾಗಿತ್ತು. ಹುಸಿಯು ತಿಳಿದಾಗ ಅಲ್ಲಿದ್ದವರು ಬಹಳ ನೊಂದುಕೊಂಡರು. ತಾವು ಮರುಗಿದ ಕಣ್ಣೀರಿಗೆ ಒಡೆಯರೇ ಇರಲಿಲ್ಲವೆಂದು ತಿಳಿದವರು ಮುಂದೆ ನಿಜವಾದ ಕಣ್ಣೀರನ್ನೂ ಸಂಶಯದಿಂದ ನೋಡಿದರೆ ಆಶ್ಚರ್ಯವೇನು?

ಶರಣಧರ್ಮದ ಅನುಯಾಯಿಗಳಿಗೆ ಇಲ್ಲಿ ಇನ್ನೂ ಹತ್ತಿರದ ಅಪಾಯವೊಂದಿದೆ. ಧರ್ಮದ ವಿಷಯದಲ್ಲಿ ವಾದ ಹುಟ್ಟಿದಾಗ ವಚನವೇ ಪ್ರಮಾಣ. ಯಂತ್ರಕ್ಕೆ ‘ನನ್ನ ಮಾತಿಗೆ ಒಪ್ಪುವ ವಚನವೊಂದನ್ನು ಕೊಡು’ ಎಂದರೆ, ಇಲ್ಲದ ವಚನವನ್ನೂ ಹೆಣೆದು ಕೊನೆಗೆ ಬಸವಣ್ಣನವರ ಅಂಕಿತವನ್ನಿಟ್ಟು ಕೊಡಬಲ್ಲದು. ಪ್ರಕ್ಷಿಪ್ತದ ತೊಂದರೆಯು ಹಿಂದೆಯೂ ಇದ್ದಿತು. ಸರ್ವಜ್ಞನ ತಂದೆಯು ಮಾಸೂರಿನ ಬಸವರಸನೆಂದೂ ತಾಯಿಯು ಅಬಲೂರಿನ ಮಾಳಿಯೆಂದೂ ಐತಿಹ್ಯವುಂಟು. ಆ ಸರ್ವಜ್ಞನ ಹೆಸರಿನಲ್ಲಿ ಎಷ್ಟೋ ಮಂದಿ ಹೆಸರಿಲ್ಲದವರು ತ್ರಿಪದಿಗಳನ್ನು ಕಟ್ಟಿ ಸೇರಿಸಿದರು. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಪ್ರತಿಗಳನ್ನು ಕೂಡಿಸಿ, ಹೋಲಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಬೇಕಾದರೆ ಎಷ್ಟು ಶ್ರಮಪಟ್ಟರೆಂಬುದು ಸರ್ವವಿದಿತ. ಆದರೂ ಅಂದಿನವರು ತಮ್ಮ ನುಡಿಯನ್ನು ಹಿರಿಯನ ಹೆಸರಿಗೆ ಒಪ್ಪಿಸಿ ತಾವು ಮರೆಯಾದರು. ಇಂದಿನ ವಾದಿಯು ತನ್ನದಲ್ಲದ ನುಡಿಗೆ ತನ್ನ ಹೆಸರನ್ನು ಹಚ್ಚಿ ತಾನು ಮೆರೆಯುತ್ತಾನೆ. ಎರಡೂ ಸಲ್ಲದು; ಎರಡನೆಯದರಲ್ಲಿ ಅಹಂಕಾರವೂ ಕೂಡಿಕೊಂಡಿದೆ.

ಫ. ಗು. ಹಳಕಟ್ಟಿಯವರು ಮನೆಮನೆಗಳ ಜಗುಲಿಯಲ್ಲಿ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಬೇಡಿ ತಂದು, ನಕಲು ಮಾಡಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. 1993ರಲ್ಲಿ ಕರ್ನಾಟಕ ಸರ್ಕಾರದಿಂದ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಾಗಿ ಹೊರಬಂದಿತು. ಇಷ್ಟು ಜನರ ಬೆವರಿನಿಂದ ಶುದ್ಧಗೊಂಡ ನಿಧಿಗೆ ಒಂದು ಸಂಜೆಯ ವಾದದ ಗೆಲುವಿಗಾಗಿ ಖೋಟಾ ನಾಣ್ಯವನ್ನು ಬೆರೆಸುವುದು ಗುರುದ್ರೋಹಕ್ಕೆ ಸಮಾನವು. ಆದುದರಿಂದ ಮೊಬೈಲಿನಲ್ಲಿ ಬಂದ ಯಾವುದೇ ವಚನವನ್ನು ಆ ಸಂಪುಟಗಳಲ್ಲಿ ಕಾಣದೆ ಯಾರೂ ಮುಂದಕ್ಕೆ ಕಳುಹಿಸಬಾರದು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ‘ಓದಿದವರು ಸೊಗಸಾಗಿ ಬರೆಯುವರು, ಓದದ ಒಕ್ಕಲಿಗನ ಮನಸ್ಸಿನಲ್ಲಿ ಸತ್ಯವಿದ್ದರೂ ಅದಕ್ಕೆ ಭಾಷೆಯಿಲ್ಲ. ಅಂತಹವನಿಗೆ ಯಂತ್ರವು ಬಾಯಿ ಕೊಟ್ಟರೆ ತಪ್ಪೇನು?’ ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಬರೆಯಬಾರದವನಿಗೆ ಬರೆದುಕೊಡುವುದು ಹಳೆಯ ಪದ್ಧತಿಯೇ. ಹೊಲದ ಖರೀದಿಪತ್ರವಾಗಲಿ ಸಾಲಪತ್ರವಾಗಲಿ, ಬರೆದುಕೊಡುವವನು ರೈತ, ಬರೆಯುವವನು ಇನ್ನೊಬ್ಬ. ಆದರೆ ಅಲ್ಲಿ ಮೂರು ಕಟ್ಟುಗಳಿದ್ದವು. ಬರೆದುದನ್ನು ರೈತನಿಗೆ ಓದಿ ಹೇಳಿ, ಅವನು ಒಪ್ಪಿದ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಬರೆದವನು ‘ಬಿಕಲಂ’ ಎಂದು ತನ್ನ ಹೆಸರನ್ನು ಕಾಣಿಸುತ್ತಿದ್ದನು. ಸಾಕ್ಷಿಗಳು ರುಜು ಹಾಕುತ್ತಿದ್ದರು. ಶಾಸನಗಳ ಕೊನೆಯಲ್ಲಿಯೂ ಬರೆದವನ, ಕಲ್ಲಿಗೆ ಇಳಿಸಿದವನ ಹೆಸರುಗಳು ಎಷ್ಟೋ ಕಡೆ ದೊರೆಯುತ್ತವೆ. ಹಾಗೆಯೇ, ತನ್ನ ಅಭಿಪ್ರಾಯವನ್ನೇ ಯಂತ್ರಕ್ಕೆ ಹೇಳಿ, ಅದು ಬರೆದುದನ್ನು ಅಕ್ಷರಕ್ಷರ ತಿಳಿದು, ತಿದ್ದಿ, ‘ಬರವಣಿಗೆಗೆ ಯಂತ್ರದ ನೆರವು ಪಡೆದಿದೆ’ ಎಂದು ಒಪ್ಪಿಕೊಳ್ಳುವವನಿಗೆ ದೋಷವಿಲ್ಲ. ತಿಳಿಯದ ವಿಷಯವನ್ನು ಕೇಳಿ ತಿಳಿಯುವುದರಲ್ಲಿಯೂ ದೋಷವಿಲ್ಲ. ಬಿಕಲಂ ಇಲ್ಲದ ಪತ್ರ, ಓದಿ ನೋಡದ ಹೆಬ್ಬೆಟ್ಟು, ಇವೇ ದೋಷ. ಸೊಗಸಿನ ಮಾತೇ ಮಾನದ ಮಾತೆಂಬ ಭ್ರಮೆಯನ್ನೂ ಬಿಡಬೇಕು. ತೊದಲಿ ಆಡಿದ ಸತ್ಯವಚನವು ಶರಣರ ಸಭೆಯಲ್ಲಿ ಎಂದೂ ಕೀಳಾಗಿರಲಿಲ್ಲ.

ಆಯ್ದಕ್ಕಿ ಮಾರಯ್ಯನ ಚರಿತ್ರೆಯು ಪ್ರತಿಯೊಂದು ಮನೆಯಲ್ಲಿಯೂ ಗೊತ್ತು. ಅವನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕದವನು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ತಮ್ಮ ಕಾಯಕದ ಅಳತೆಯನ್ನು ಮೀರಿ ಬಂದುದು ಕಣ್ಣಿಗೆ ಅಕ್ಕಿಯಾದರೂ ಶಿವನಿಗೆ ನೈವೇದ್ಯವಾಗದೆಂಬುದು ಆ ತಾಯಿಯ ಅರಿವು. ಮಾತಿಗೂ ಈ ಅಳತೆಯುಂಟು. ತಾನು ಓದಿ, ಕೇಳಿ, ಬಾಳಿ ಆಯ್ದುಕೊಂಡ ನಾಲ್ಕು ಕಾಳು ಮಾತು ತನ್ನದು. ಯಂತ್ರವು ಸುರಿದ ಮೂಟೆ ಮಾತು ಮನೆಗೆ ಬಂದ ದಿನ, ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ಲಕ್ಕಮ್ಮನು ಬಾಗಿಲಲ್ಲಿ ನಿಂತು ‘ಇದು ನಮ್ಮದೇ?’ ಎಂದು ಕೇಳುವಂತಾಗಬೇಕು.

ಆದುದರಿಂದ ವಾದಕ್ಕೆ ಇಳಿಯುವ ಸದ್ಭಕ್ತನು ಮೂರು ಮಾತನ್ನು ತನ್ನಲ್ಲಿ ತಾನೇ ಕೇಳಿಕೊಳ್ಳಲಿ. ಈ ಮಾತನ್ನು ಎದುರಿನವನ ಮುಖ ನೋಡಿ, ಪುಸ್ತಕವಿಲ್ಲದೆ, ಯಂತ್ರವಿಲ್ಲದೆ, ಮನೆಯ ಭಾಷೆಯಲ್ಲಿ ಹೇಳಬಲ್ಲೆನೇ? ಅವನು ತಿರುಗಿ ಕೇಳಿದರೆ ಉತ್ತರಕ್ಕೆ ನಿಲ್ಲಬಲ್ಲೆನೇ? ಅವನ ಮಾತೇ ದಿಟವೆಂದು ತೋರಿದರೆ ಒಪ್ಪಿ ಕೈಮುಗಿಯಬಲ್ಲೆನೇ? ಮೂರಕ್ಕೂ ಅಹುದೆಂದರೆ ಧೈರ್ಯವಾಗಿ ನುಡಿಯಲಿ. ಇಲ್ಲವೆಂದರೆ ಆ ದಿನ ಮೌನವೇ ಲೇಸು. ಮರುದಿನ ಗುರುವಿನ ಬಳಿಗೋ ಗ್ರಂಥದ ಬಳಿಗೋ ಹೋಗಿ ಕಲಿತು ಬರಬಹುದು. ‘ತಿಳಿಯದು’ ಎಂಬ ಒಂದು ಪ್ರಾಮಾಣಿಕ ಮಾತು, ತನ್ನದಲ್ಲದ ಸಾವಿರ ಮಾತಿಗಿಂತ ಲಿಂಗಕ್ಕೆ ಹತ್ತಿರವಾದುದು. ಪ್ರತಿದಿನ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನೆಡುವವರು, ಅದೇ ಅಂಗೈಯಲ್ಲಿ ಹಿಡಿದ ಮೊಬೈಲಿನಿಂದ ಹೊರಡುವ ನುಡಿಯೂ ಆ ಲಿಂಗದ ಸಾಕ್ಷಿಯಲ್ಲಿಯೇ ಹೊರಡುತ್ತದೆಂಬುದನ್ನು ಮರೆಯದಿರಲಿ. ಸರ್ವರ ನಾಲಗೆಯಲ್ಲಿ ಅವರವರ ಸತ್ಯವೇ ನೆಲಸುವಂತೆ ಪರಶಿವನು ಕೃಪೆಮಾಡಲಿ.

ಸರ್ವೇ ಜನಾಃ ಸುಖಿನೋ ಭವಂತು. ಶಿವಾರ್ಪಣಮಸ್ತು.